ಸದ್ದಿಲ್ಲದ, ಅಗ್ಗದ ಓವರ್‌ಕ್ಲಾಕ್ ಡೆಸ್ಕ್‌ಟಾಪ್ ಕಟ್ಟುವುದು ಹೇಗೆ?

ನಾನು ಮೊದಲ ಸಲ ಓವರ್‌ಕ್ಲಾಕ್ ಮಾಡಿದ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸಿದ ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ರಾತ್ರಿ ಹತ್ತು ದಾಟಿದರೆ ಸಾಕು, ಪಕ್ಕದ ಕೋಣೆಯಿಂದ ಅಮ್ಮನ ದನಿ ಬರುತ್ತಿತ್ತು: "ಆ ಹಿಟ್ಟಿನ ಗಿರಣಿ ನಿಲ್ಸೋ, ನಿದ್ದೆ ಬರ್ತಿಲ್ಲ." ಅಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ವೇಗಕ್ಕೆಂದು ವೋಲ್ಟೇಜ್ ಏರಿಸಿದ್ದೆ. ಅದರಿಂದ ಬಿಸಿ ಏರಿತು, ಬಿಸಿಗೆ ಫ್ಯಾನ್ ಜೋರಾಯಿತು. ಕೊನೆಗೆ ನನಗೆ ಸಿಕ್ಕಿದ್ದು ಒಂದಿಷ್ಟು ವೇಗ ಮತ್ತು ಒಂದು ಗಿರಣಿ.

ಎರಡನೇ ಸಲ ಉಲ್ಟಾ ಮಾಡಿದೆ. ವೋಲ್ಟೇಜ್ ಇಳಿಸುತ್ತಾ ವೇಗ ಏರಿಸಿದೆ. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಶುರುವಿಗೇ ಒಂದು ಲೆಕ್ಕ

ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್, ಎಷ್ಟು ಬಿಸಿಯಾಗುತ್ತದೆ ಅನ್ನುವುದು ಮುಖ್ಯವಾಗಿ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು ಅದರ ವೇಗ, ಅಂದರೆ ಗಿಗಾಹರ್ಟ್ಸ್. ಇನ್ನೊಂದು ವೋಲ್ಟೇಜ್. ವೇಗ ಎಷ್ಟು ಏರುತ್ತದೋ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ವೋಲ್ಟೇಜ್ ಹಾಗಲ್ಲ, ಅದು ವರ್ಗದ ಲೆಕ್ಕದಲ್ಲಿ, ಅಂದರೆ ತನ್ನನ್ನು ತನ್ನಿಂದಲೇ ಗುಣಿಸಿದ ಹಾಗೆ, ಕಾಡುತ್ತದೆ. 4.2 ಗಿಗಾಹರ್ಟ್ಸ್‌ನಲ್ಲಿ 1.2 ವೋಲ್ಟ್‌ಗೆ ಓಡುತ್ತಿದ್ದ ಚಿಪ್ಪನ್ನು 4.5ಕ್ಕೆ ಏರಿಸಲು 1.35 ವೋಲ್ಟ್ ಕೊಟ್ಟಿರಿ ಅಂದುಕೊಳ್ಳಿ. ವೇಗ ಏರಿದ್ದು ಶೇ 7. ಬಿಸಿ ಏರಿದ್ದು ಸುಮಾರು ಶೇ 35. ಈ ವ್ಯಾಪಾರ ಗಿಟ್ಟುವುದಿಲ್ಲ, ಅಲ್ವಾ?

ಒಂದು ಕಾಲದಲ್ಲಿ ಗಿಟ್ಟುತ್ತಿತ್ತು. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಚಿಪ್ಪನ್ನು ಹಳಬರು ಈಗಲೂ ನೆನೆಯುತ್ತಾರೆ. ಮದರ್‌ಬೋರ್ಡಿನ ಬಸ್ (ಚಿಪ್ಪಿಗೂ ಬೋರ್ಡಿಗೂ ನಡುವಿನ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ಕ್ಕೆ ಓಡುತ್ತಿತ್ತು. ಅರ್ಧದಷ್ಟು ವೇಗ ಪುಕ್ಕಟೆ! ಈಗಿನ ಚಿಪ್‌ಗಳು ತಾವೇ ತಮ್ಮ ಮಿತಿವರೆಗೂ ಓಡಿಬಿಡುತ್ತವೆ. ಕೋರ್‌ಗಳಲ್ಲಿ, ಅಂದರೆ ಚಿಪ್ಪಿನೊಳಗೆ ಲೆಕ್ಕ ಮಾಡುವ ಭಾಗಗಳಲ್ಲಿ, ನಮಗೆ ಉಳಿಸಿರುವುದು ಕಡಿಮೆ. ಉಳಿದಿರುವುದು ಮೂರು ಕಡೆ: ರ‍್ಯಾಮ್‌ನಲ್ಲಿ, ಚಿಪ್ಪಿನ ಒಳಗೇ ಇರುವ ಗ್ರಾಫಿಕ್ಸ್‌ನಲ್ಲಿ, ಮತ್ತೆ ಕಂಪನಿ "ಇರಲಿ" ಅಂತ ಜಾಸ್ತಿಯೇ ಇಟ್ಟಿರುವ ವೋಲ್ಟೇಜ್‌ನಲ್ಲಿ.

ಏನು ಕೊಳ್ಳಬೇಕು

ಇಂಟೆಲ್‌ನಲ್ಲಿ ಕೋರ್‌ಗಳನ್ನು ಓವರ್‌ಕ್ಲಾಕ್ ಮಾಡಬೇಕಾದರೆ ಹೆಸರಿನ ಕೊನೆಗೆ 'ಕೆ' ಇರುವ ಪ್ರೊಸೆಸರ್ ಬೇಕು, ಜೊತೆಗೆ 'ಝಡ್' ಸಾಲಿನ ಮದರ್‌ಬೋರ್ಡ್ ಬೇಕು. ಎರಡೂ ದುಬಾರಿ. ಹಾಗಾಗಿ ನಾನು ಇನ್ನೊಂದು ಚಿಪ್ ಕಂಪನಿ ಎಎಂಡಿಯ ಹಳೆಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹಿಡಿದೆ. ಚಿಪ್ ರೈಜನ್ 5 5600ಜಿ. ಇದು 2021ರದ್ದು. ಆರು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸಗಳು), 4.4 ಗಿಗಾಹರ್ಟ್ಸ್‌ವರೆಗೆ ಬೂಸ್ಟ್ (ತಾನಾಗಿ ಏರುವ ವೇಗ), 65 ವ್ಯಾಟ್ ದರ್ಜೆ. ಒಳಗೇ ವೇಗಾ ಗ್ರಾಫಿಕ್ಸ್ ಇದೆ, ಅದಕ್ಕೆ ಕಂಪನಿ ಇಟ್ಟ ವೇಗ 1900 ಮೆಗಾಹರ್ಟ್ಸ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂದರೆ ಹಣವೂ ಉಳಿಯಿತು, ಎರಡು ಮೂರು ಫ್ಯಾನಿನ ಸದ್ದೂ ತಪ್ಪಿತು. ಹೊಸ ದೊಡ್ಡ ಗೇಮ್‌ಗಳನ್ನು ಎಲ್ಲ ಸೆಟ್ಟಿಂಗ್ ಏರಿಸಿ ಆಡುವ ಆಸೆ ಇದ್ದರೆ ಇದು ನಿಮಗಲ್ಲ. ವ್ಯಾಲರಂಟ್, ಜಿಟಿಎ 5 ಥರದ್ದನ್ನು 1080ಪಿಯಲ್ಲಿ ಸೆಟ್ಟಿಂಗ್ ತಗ್ಗಿಸಿ ಆಡುವವರಿಗೆ, ಕೋಡ್ ಬರೆಯುವವರಿಗೆ, ಫೋಟೋ ತಿದ್ದುವವರಿಗೆ ಸಾಕು.

ಮದರ್‌ಬೋರ್ಡ್ ಬಿ450 ಅಥವಾ ಬಿ550 ಇರಲಿ. ಎ320, ಎ520 ಬೋರ್ಡ್ ಒಂದೆರಡು ಸಾವಿರ ಅಗ್ಗ ಅಂತ ಅಂಗಡಿಯವರು ತೋರಿಸುತ್ತಾರೆ. ಅವುಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಎಎಂಡಿ ಅವಕಾಶ ಕೊಟ್ಟಿಲ್ಲ. ಬಿ450 ಆರಿಸಿದರೆ ಎರಡು ವಿಷಯ ಕೇಳಿ. 5600ಜಿ ಗುರುತಿಸುವ ಬಯೋಸ್ (ಮಷೀನು ಶುರುಮಾಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಹಾಕಿದೆಯಾ? ಹಿಂದೆ ಎಚ್‌ಡಿಎಂಐ ಇದೆಯಾ? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೇಲೆ ಮಾನಿಟರ್ ಚುಚ್ಚುವುದು ಬೋರ್ಡಿಗೇ. ಪವರ್ ಕೊಡುವ ಭಾಗದ ಮೇಲೆ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಇರುವ ಬೋರ್ಡ್ ನೋಡಿ. ಬಣ್ಣದ ಲೈಟ್‌ಗೆ ದುಡ್ಡು ಕೊಡಬೇಡಿ.

ರ‍್ಯಾಮ್ ವಿಷಯದಲ್ಲಿ ಕಂಜೂಸಿ ಬೇಡ. 16 ಜಿಬಿಯ ಒಂದು ಸ್ಟಿಕ್ ಅಲ್ಲ, 8 ಜಿಬಿಯ ಎರಡು. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಹಂಚಿಕೊಂಡು ಬದುಕುತ್ತದೆ. 3200ರ ವೇಗದ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಸೇರಿದರೆ 51.2. 3600ಕ್ಕೆ ಏರಿಸಿದರೆ 57.6. ಒಂದೇ ಸ್ಟಿಕ್ ಹಾಕಿ ಆಮೇಲೆ ಗ್ರಾಫಿಕ್ಸ್ ಓವರ್‌ಕ್ಲಾಕ್ ಮಾಡುವುದು, ಸಣ್ಣ ಪೈಪಿಗೆ ದೊಡ್ಡ ಪಂಪು ಕೂರಿಸಿದ ಹಾಗೆ. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ಅದಕ್ಕೆ ಮುಂಚೆ ಈ ಇಡೀ ಮಷೀನು ಮಾನಿಟರ್ ಬಿಟ್ಟು 35 ಸಾವಿರ ರೂಪಾಯಿ ಒಳಗೆ ಮುಗಿಯುತ್ತಿತ್ತು. ಈಗ ರ‍್ಯಾಮ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ನನ್ನ ತಕರಾರಿಲ್ಲ. ಚಲಿಸುವ ಭಾಗ ಇಲ್ಲದ ವಸ್ತು, ಪರೀಕ್ಷೆ ಮಾಡುವುದೂ ಸುಲಭ.

ಫೈಲ್ ಇಡುವ ಎಸ್‌ಎಸ್‌ಡಿ ಮೂರನೇ ಪೀಳಿಗೆಯ ಎನ್‌ವಿಎಂಇ (ವೇಗದ ಬಗೆಯದು) ಸಾಕು. 5600ಜಿಯಲ್ಲಿ ಎಸ್‌ಎಸ್‌ಡಿಗೆ ಹೋಗುವ ದಾರಿ, ಪಿಸಿಐಇ, 3.0ಕ್ಕೇ ನಿಲ್ಲುತ್ತದೆ, ನಾಲ್ಕನೇ ಪೀಳಿಗೆಯದ್ದಕ್ಕೆ ಕೊಟ್ಟ ಹೆಚ್ಚಿನ ಹಣ ಸುಮ್ನೆ ದಂಡ. ತಿರುಗುವ ಹಾರ್ಡ್ ಡಿಸ್ಕ್ ಒಳಗೆ ಬೇಡವೇ ಬೇಡ. ನಿಮಿಷಕ್ಕೆ 7200 ಸುತ್ತು ಅಂದರೆ ಸೆಕೆಂಡಿಗೆ 120. ಆ ನಡುಕ ತಗಡಿನ ಕ್ಯಾಬಿನೆಟ್‌ಗೆ ಹತ್ತಿ ಒಂದೇ ಸಮ ಗುಂಯ್‌ಗುಡುತ್ತದೆ. ಹಳೇ ಡಿಸ್ಕ್‌ನಲ್ಲಿ ಮದುವೆ ಫೋಟೋಗಳಿದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿಟ್ಟು ಬೇಕಾದಾಗ ಮಾತ್ರ ಚುಚ್ಚಿ.

ಎಸ್‌ಎಂಪಿಎಸ್, ಅಂದರೆ ಮಷೀನಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಅದರ ಬಗ್ಗೆ ಒಂದು ಮಾತು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ಮುಟ್ಟಬೇಡಿ. ಹೆಸರಿರುವ ಕಂಪನಿಯ, 80 ಪ್ಲಸ್ ಬ್ರಾಂಝ್ ದರ್ಜೆಯ (ಕರೆಂಟ್ ಪೋಲು ಕಡಿಮೆ ಅನ್ನುವ ಗುರುತು) 450 ವ್ಯಾಟ್‌ನದ್ದು ತೆಗೆದುಕೊಳ್ಳಿ. ಈ ಮಷೀನು ಪೂರ್ತಿ ದುಡಿದಾಗಲೂ 150 ವ್ಯಾಟ್ ಆಸುಪಾಸಿನಲ್ಲೇ ಇರುತ್ತದೆ. ಹೊರೆ ಕಡಿಮೆ ಇದ್ದಷ್ಟೂ ಎಸ್‌ಎಂಪಿಎಸ್‌ನ ಫ್ಯಾನ್ ನಿಧಾನ. 600 ವಿಎ ಯುಪಿಎಸ್ ಇದಕ್ಕೆ ಆರಾಮಾಗಿ ಆಗುತ್ತದೆ.

ಕೂಲರ್ ವಿಷಯಕ್ಕೆ ಬಂದರೆ, ಡಬ್ಬದೊಳಗೆ ಬರುವ ಎಎಂಡಿ ಕೂಲರ್ ಕೆಲಸ ಮಾಡುತ್ತದೆ, ಆದರೆ ಕಿರುಚುತ್ತದೆ. ಹಣ ಹಾಕುವುದಾದರೆ ಇಲ್ಲೇ ಹಾಕಿ. ನಾಲ್ಕು ಹೀಟ್ ಪೈಪ್, ಒಂದು 120 ಮಿಲಿಮೀಟರ್ ಫ್ಯಾನ್ ಇರುವ ಟವರ್ ಕೂಲರ್ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಇವು ಸುಮಾರು 150 ಮಿಲಿಮೀಟರ್ ಎತ್ತರ ಇರುತ್ತವೆ, ಕ್ಯಾಬಿನೆಟ್‌ನಲ್ಲಿ ಹಿಡಿಸುತ್ತದೆಯೇ ನೋಡಿಕೊಳ್ಳಿ. ನೀರಿನ ಕೂಲರ್ ಬೇಡ. ಇಷ್ಟು ಸಣ್ಣ ಬಿಸಿಗೆ ಪಂಪಿನ ಸದ್ದು ಹೊಸದಾಗಿ ಸೇರುತ್ತದೆ ಅಷ್ಟೇ. ಕ್ಯಾಬಿನೆಟ್ ಮುಂದೆ ಗಾಜಿನದ್ದಲ್ಲ, ಜಾಲರಿಯದ್ದು ಇರಲಿ. ಮುಂದೆ ಒಂದು, ಹಿಂದೆ ಒಂದು 120 ಮಿಲಿಮೀಟರ್ ಫ್ಯಾನ್ ಸಾಕು.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಮೊದಲು ಆನ್‌ಲೈನ್ ಬೆಲೆ ಬರೆದುಕೊಂಡು ಹೋಗಿ. ಮೂರು ಅಂಗಡಿ ಕೇಳಿ, ನಾಲ್ಕನೆಯದರಲ್ಲಿ ಕೊಳ್ಳಿ. "ಬಿಲ್ ಇಲ್ದೆ ಆದ್ರೆ ಇಷ್ಟು" ಅನ್ನುತ್ತಾರೆ. ಬಿಲ್ ತಗೊಳ್ಳಿ. ಜಿಎಸ್‌ಟಿ ಶೇ 18 ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಆದರೆ ತಿರುಗಿಸಿ ಕೆಳಗಿನ ಪಿನ್‌ಗಳನ್ನು ನೋಡಿ. ಎಎಂ4ರಲ್ಲಿ ಪಿನ್ ಇರುವುದು ಬೋರ್ಡಿನಲ್ಲಲ್ಲ, ಚಿಪ್ಪಿನಲ್ಲೇ. ಮೊಬೈಲ್ ಟಾರ್ಚ್ ಅಡ್ಡ ಹಿಡಿದರೆ ಬಾಗಿದ ಸಾಲು ಗೊತ್ತಾಗುತ್ತದೆ.

ಜೋಡಣೆ

ಜೋಡಿಸುವ ವಿಡಿಯೊಗಳು ಬೇಕಾದಷ್ಟಿವೆ, ಪೂರ್ತಿ ಹೇಳುವುದಿಲ್ಲ. ಜನ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ.

ರ‍್ಯಾಮ್ ಸ್ಟಿಕ್‌ಗಳನ್ನು ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಬೋರ್ಡಿನಲ್ಲಿ ಎರಡೇ ಸ್ಲಾಟ್ ಇದ್ದರೆ ಈ ತಲೆನೋವಿಲ್ಲ. ಚಿಪ್ಪಿನ ಬಿಸಿ ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ದೋಸೆಗೆ ಬೆಣ್ಣೆ ಸವರಿದ ಹಾಗೆ ಬೇಡ. ಕೂಲರ್‌ನ ಅಡಿಗಿರುವ ಪ್ಲಾಸ್ಟಿಕ್ ಹಾಳೆ ಕೀಳಲು ಮರೆಯಬೇಡಿ. ನಗಬೇಡಿ, ಮರೆತವರು ಬಹಳ ಜನ. ಸ್ಕ್ರೂಗಳನ್ನು ಒಂದು ಕಡೆ ಪೂರ್ತಿ ಬಿಗಿಯದೆ, ಅದಲು ಬದಲು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬೋರ್ಡಿನ ಹಿಂದಿರುವ ಲೋಹದ ಪಟ್ಟಿಯನ್ನು ಎಸೆಯಬೇಡಿ, ಎಷ್ಟೋ ಕೂಲರ್‌ಗಳಿಗೆ ಅದೇ ಆಧಾರ.

ಮುಂದೆ ಯಾವಾಗಲಾದರೂ ಕೂಲರ್ ತೆಗೆಯಬೇಕಾದರೆ ಹತ್ತು ನಿಮಿಷ ಮಷೀನು ಓಡಿಸಿ, ಆಮೇಲೆ ಆಫ್ ಮಾಡಿ ಪ್ಲಗ್ ಕಿತ್ತು, ಪೇಸ್ಟ್ ಬೆಚ್ಚಗಿರುವಾಗಲೇ ಮೆಲ್ಲಗೆ ಆಚೀಚೆ ತಿರುಗಿಸಿ ತೆಗೆಯಿರಿ. ನೇರ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಚಿಪ್ಪೇ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಆಮೇಲೆ ಸೂಜಿ ಹಿಡಿದು ಪಿನ್ ನೆಟ್ಟಗೆ ಮಾಡುತ್ತಾ ಕೂರಬೇಕು.

ಫ್ಯಾನಿನ ದಿಕ್ಕು ಗೊತ್ತಾಗದಿದ್ದರೆ, ಕಡ್ಡಿಗಳ ಆಧಾರ ಇರುವ ಹಿಂಬದಿಯಿಂದ ಗಾಳಿ ಹೊರಬರುತ್ತದೆ ಎಂದು ನೆನಪಿಡಿ. ಎಲ್ಲ ಮುಗಿದ ಮೇಲೆ ಸೀಲಿಂಗ್ ಫ್ಯಾನ್ ಆಫ್ ಮಾಡಿ, ಕ್ಯಾಬಿನೆಟ್ ಮುಂದೆ ಒಂದು ಊದಿನಕಡ್ಡಿ ದೂರದಿಂದ ಹಿಡಿದು ನೋಡಿ. ಹೊಗೆ ಮುಂದಿನಿಂದ ಒಳಗೆ ಹೋಗಿ ಹಿಂದಿನಿಂದ ಬಂದರೆ ಸರಿ. ಮನೆಯವರು ಪೂಜೆ ಮಾಡ್ತಿದ್ದೀಯಾ ಅಂತ ಕೇಳಬಹುದು.

ಓವರ್‌ಕ್ಲಾಕ್‌ಗೆ ಮುಂಚೆ

ಮೊದಲ ದಿನ ಏನನ್ನೂ ಬದಲಿಸಬೇಡಿ. ವಿಂಡೋಸ್ ಹಾಕಿ, ಬಿಸಿ, ಸುತ್ತು ತೋರಿಸುವ ಎಚ್‌ಡಬ್ಲ್ಯುಇನ್ಫೋ ಹಾಕಿ, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಅಂಕ ಹಾಕುವ ಸಿನಿಬೆಂಚ್ ಅರ್ಧ ಗಂಟೆ ಓಡಿಸಿ. ಅಂಕ ಎಷ್ಟು, ಬಿಸಿ ಎಷ್ಟು, ಫ್ಯಾನ್ ಎಷ್ಟು ಸುತ್ತು, ಕೋಣೆಯ ಬಿಸಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಕೋಣೆಯ ಬಿಸಿ ಯಾಕೆ ಅಂದರೆ, ಗಾಳಿಯ ಕೂಲರ್ ಯಾವತ್ತೂ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನಲ್ಲಿ 26 ಡಿಗ್ರಿ ಕೋಣೆಯಲ್ಲಿ 66 ತೋರಿಸಿದ ಮಷೀನು, ರಾಯಚೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ 82 ತೋರಿಸುತ್ತದೆ. ಬೇರೆಯವರ ಅಂಕಿ ನೋಡುವಾಗಲೂ ಈ ಕಳೆಯುವ ಲೆಕ್ಕ ಮಾಡಿ.

ಆಮೇಲೆ ಬಯೋಸ್ ಅಪ್‌ಡೇಟ್. ಎಫ್‌ಎಟಿ32 ಮಾಡಿದ ಪೆನ್ ಡ್ರೈವ್‌ಗೆ ಫೈಲ್ ಹಾಕಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಹಾಗಾಗಿ ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬಯೋಸ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೊದಲಿನಂತೆ ಮಾಡುವ, ಬೋರ್ಡಿನ ಸಿಮಾಸ್ ಜಂಪರ್ ಎಲ್ಲಿದೆ ಅಂತ ಈಗಲೇ ಹುಡುಕಿಟ್ಟುಕೊಳ್ಳಿ. ಮುಂದೆ ಸ್ಕ್ರೀನ್ ಕಪ್ಪಗೇ ಉಳಿದಾಗ ಕಾಪಾಡುವುದು ಅದೇ. ಜಂಪರ್ ಸಿಗದಿದ್ದರೆ, ಪ್ಲಗ್ ಕಿತ್ತು ಗುಂಡಗಿನ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ತೆಗೆದಿಟ್ಟರೂ ಆಯಿತು.

ಒಂದು ಎಚ್ಚರ: ಓವರ್‌ಕ್ಲಾಕ್‌ನಿಂದ ಆದ ಹಾನಿ ಎಎಂಡಿ ವಾರಂಟಿಗೆ ಬರುವುದಿಲ್ಲ. ನಾನು ಹೇಳುವ ದಾರಿ ಮೆಲ್ಲಗಿನದು, ಆದರೂ ಹೊಣೆ ನಿಮ್ಮದೇ.

ರ‍್ಯಾಮ್ ಮೊದಲು

ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಅಂತ ಇರುತ್ತದೆ. ಅದನ್ನು ಆನ್ ಮಾಡದಿದ್ದರೆ 3200 ಅಂತ ದುಡ್ಡು ಕೊಟ್ಟ ರ‍್ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರಬಹುದು. ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಹಾಗೇ ಓಡುತ್ತಿದೆ. ಆನ್ ಮಾಡಿ ಒಂದು ದಿನ ಬಳಸಿ.

ನಂತರ 3600 ಪ್ರಯತ್ನಿಸಿ. ರ‍್ಯಾಮ್ ವೋಲ್ಟೇಜ್ 1.35ರಲ್ಲೇ ಇರಲಿ, ಮೊದಲ ಟೈಮಿಂಗ್‌ಗಳನ್ನು (ಉತ್ತರ ಕೊಡಲು ಕಾಯಿಸುವ ಹೊತ್ತು) 18-22-22-42ರಷ್ಟು ಸಡಿಲ ಬಿಡಿ, ಇನ್ಫಿನಿಟಿ ಫ್ಯಾಬ್ರಿಕ್ (ಚಿಪ್ಪಿನ ಒಳಭಾಗಗಳನ್ನು ಜೋಡಿಸುವ ದಾರಿ) ವೇಗ 3600ರ ಅರ್ಧ, ಅಂದರೆ 1800 ಇರಲಿ. 5600ಜಿಯ ಮೆಮೊರಿ ಕಂಟ್ರೋಲರ್ ಇದಕ್ಕೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ತಕರಾರು ಬರುವುದು ಅಗ್ಗದ ರ‍್ಯಾಮ್ ಚಿಪ್‌ಗಳಿಂದ. ಬೂಟ್ ಆಗದಿದ್ದರೆ 3466ಕ್ಕೆ ಇಳಿಸಿ, ಬೇಜಾರು ಮಾಡಿಕೊಳ್ಳಬೇಡಿ.

ಬೂಟ್ ಆದ ಕೂಡಲೇ ಗೆದ್ದೆವು ಅಂತಲ್ಲ. ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವ್‌ನಿಂದ ಓಡಿಸಿ ಮಲಗಿ. ಬೆಳಗ್ಗೆ ಒಂದೇ ಒಂದು ಎರರ್ ಇದ್ದರೂ ಆ ವೇಗ ಬಿಟ್ಟುಬಿಡಿ. ಪ್ರೊಸೆಸರ್ ತಪ್ಪಿದರೆ ಹೆಚ್ಚಾಗಿ ಮಷೀನು ನಿಲ್ಲುತ್ತದೆ, ನಮಗೆ ಗೊತ್ತಾಗುತ್ತದೆ. ರ‍್ಯಾಮ್ ತಪ್ಪಿದರೆ ಸದ್ದಿಲ್ಲದೆ ಫೈಲ್ ಕೆಡಬಹುದು.

ಗ್ರಾಫಿಕ್ಸ್

ಬಯೋಸ್‌ನಲ್ಲಿ ಗ್ರಾಫಿಕ್ಸ್ ಕ್ಲಾಕ್ ಅಂತ ಹುಡುಕಿ. 1900 ಇದ್ದದ್ದನ್ನು 2000 ಮಾಡಿ, ಅರ್ಧ ಗಂಟೆ ಗೇಮ್ ಆಡಿ. ಆಮೇಲೆ 2100, ಆಮೇಲೆ 2200. ಚಿತ್ರದಲ್ಲಿ ಚುಕ್ಕೆ, ಗೆರೆ, ಮಿಣುಕು ಕಂಡರೆ ಅಥವಾ ಸ್ಕ್ರೀನ್ ಒಂದು ಕ್ಷಣ ಕಪ್ಪಾಗಿ ಡ್ರೈವರ್ ಮರಳಿ ಬಂದರೆ 50 ಹಿಂದಕ್ಕೆ ಬನ್ನಿ. ಎಸ್‌ಒಸಿ ವೋಲ್ಟೇಜ್ (ಗ್ರಾಫಿಕ್ಸ್ ಸೇರಿ, ಕೋರ್ ಬಿಟ್ಟು ಉಳಿದ ಭಾಗಕ್ಕೆ ಹೋಗುವುದು) 1.2 ದಾಟಿಸಬಾರದು ಅನ್ನುವುದು ನಾನು ಹಾಕಿಕೊಂಡ ಗೆರೆ. ಅದರೊಳಗೆ ನನ್ನ ಚಿಪ್ 2150ಕ್ಕೆ ನಿಂತಿತು. ನಿಮ್ಮದು 2300 ಮುಟ್ಟಬಹುದು, 2050ಕ್ಕೇ ಸುಸ್ತಾಗಬಹುದು. ಪ್ರತಿ ಚಿಪ್ಪಿನ ಹಣೆಬರಹ ಬೇರೆ. ಇಲ್ಲೇ ಗ್ರಾಫಿಕ್ಸ್‌ಗೆ 2 ಜಿಬಿ ಮೆಮೊರಿಯನ್ನೂ ಮೀಸಲಿಡಿ.

ಈಗ ವೋಲ್ಟೇಜ್ ಇಳಿಸೋಣ

ಇದೇ ನನಗೆ ಇಷ್ಟವಾದ ಭಾಗ. ಬಯೋಸ್‌ನ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಒಳಗೆ, ವೇಗಕ್ಕೆ ತಕ್ಕ ವೋಲ್ಟೇಜ್ ಹೊಂದಿಸುವ ಕರ್ವ್ ಆಪ್ಟಿಮೈಸರ್ ಇದೆ. ಎಲ್ಲ ಕೋರ್‌ಗಳಿಗೂ ನೆಗೆಟಿವ್ 10 ಕೊಡಿ. ಒಂದೊಂದು ಅಂಕ 3ರಿಂದ 5 ಮಿಲಿವೋಲ್ಟ್‌ನಷ್ಟು ಇಳಿಸುತ್ತದೆ. ವೋಲ್ಟೇಜ್ ಶೇ 5 ಇಳಿದರೆ, ಅದೇ ವೇಗಕ್ಕೆ ಬಿಸಿ ಸುಮಾರು ಶೇ 10 ಇಳಿಯುತ್ತದೆ. ಬಿಸಿ ಮತ್ತು ವ್ಯಾಟ್‌ನಲ್ಲಿ ಜಾಗ ಸಿಕ್ಕಿದ ಕೂಡಲೇ ಚಿಪ್ ತಾನಾಗಿಯೇ ಆರೂ ಕೋರ್‌ಗಳನ್ನು ಇನ್ನಷ್ಟು ಮೇಲಕ್ಕೆ ಓಡಿಸುತ್ತದೆ. ವೇಗ ಏರಿತು, ಬಿಸಿ ಏರಲಿಲ್ಲ.

10 ನಿಂತರೆ 15, ಆಮೇಲೆ 20. ಮಿತಿ 30. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ಸಿನಿಬೆಂಚ್ ಒಂದು ಗಂಟೆ ಓಡಿತು, ಗಟ್ಟಿಯಾಗಿದೆ ಅಂತ ಬೀಗುತ್ತಾರೆ. ಮರುದಿನ ಸುಮ್ನೆ ವಿಡಿಯೊ ನೋಡುವಾಗ ಮಷೀನು ರೀಸ್ಟಾರ್ಟ್ ಆಗುತ್ತದೆ. ಯಾಕೆಂದರೆ ಹೊರೆ ಕಡಿಮೆ ಇದ್ದಾಗಲೇ ಒಂದೊಂದು ಕೋರ್ 4.4ಕ್ಕೆ ಜಿಗಿಯುವುದು, ವೋಲ್ಟೇಜ್ ಸಾಲದೆ ಬರುವುದು ಆಗಲೇ. ಅದಕ್ಕೆ ಕೋರ್‌ಸೈಕ್ಲರ್ ಎಂಬ ಪುಟ್ಟ ಪ್ರೋಗ್ರಾಂ ಬಳಸಿ, ಅದು ಒಂದೊಂದೇ ಕೋರನ್ನು ಪರೀಕ್ಷಿಸುತ್ತದೆ. ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ವ್ಹೀಯಾ (ಹಾರ್ಡ್‌ವೇರ್ ತಪ್ಪು ತಿಳಿಸುವ) ಎರರ್ ಇದೆಯೇ ಅಂತಲೂ ವಾರಕ್ಕೊಮ್ಮೆ ನೋಡಿ. ಎರರ್ ಕೊಟ್ಟ ಕೋರ್ ಒಂದಕ್ಕೆ ಮಾತ್ರ ಐದು ಅಂಕ ವಾಪಸ್ ಕೊಟ್ಟರೆ ಸಾಕು.

ಫ್ಯಾನ್ ಪಳಗಿಸುವುದು

ಕಿವಿಗೆ ಕಾಟ ಕೊಡುವುದು ಸದ್ದಲ್ಲ, ಸದ್ದಿನ ಏರಿಳಿತ. ಸೀಲಿಂಗ್ ಫ್ಯಾನ್ ಇದಕ್ಕಿಂತ ಜೋರು, ಆದರೂ ಅದರ ಕೆಳಗೆ ನಿದ್ದೆ ಬರುತ್ತದೆ. ರೈಜನ್ ಚಿಪ್‌ಗಳ ಬಿಸಿ ಒಂದು ಬ್ರೌಸರ್ ತೆರೆದರೂ ಕ್ಷಣದಲ್ಲಿ ಹತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ಫ್ಯಾನ್ ಅದನ್ನು ಬೆನ್ನಟ್ಟಿಕೊಂಡು ವ್ರೂಂ ಅಂತ ಏರಿ ಇಳಿಯುತ್ತದೆ. ಅಮ್ಮನ ಗಿರಣಿ ಇದೇ.

ಹಾಗಾಗಿ ಬಯೋಸ್‌ನ ಫ್ಯಾನ್ ಕರ್ವ್‌ನಲ್ಲಿ (ಬಿಸಿಗೆ ತಕ್ಕ ಸುತ್ತು ತೋರಿಸುವ ಗೆರೆ) 60 ಡಿಗ್ರಿವರೆಗೂ ಗೆರೆಯನ್ನು ಸಪಾಟಾಗಿ ಬಿಡಿ, ನಿಮಿಷಕ್ಕೆ 700 ಸುತ್ತಿನ ಆಸುಪಾಸು. 60ರಿಂದ 80ರವರೆಗೆ ಮೆಲ್ಲಗೆ 1100ಕ್ಕೆ ಏರಲಿ. 88 ದಾಟಿದರೆ ಪೂರ್ತಿ. ಈ ಚಿಪ್ಪಿನ ಗರಿಷ್ಠ ಮಿತಿ 95, ಹಾಗಾಗಿ 75 ಕಂಡು ಗಾಬರಿಯಾಗಬೇಕಿಲ್ಲ. ಸ್ಟೆಪ್ ಅಪ್ ಟೈಮ್ ಅಥವಾ ಸ್ಮೂದಿಂಗ್ ಅಂತ ಇದ್ದರೆ ಸಿಗುವಷ್ಟು ಜಾಸ್ತಿ ಕೊಡಿ. ಸುತ್ತು 1500ರಿಂದ 1000ಕ್ಕೆ ಇಳಿದರೆ ಗಾಳಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಸದ್ದು ಮಾತ್ರ ಸುಮಾರು 9 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅದು ಹತ್ತಿರಹತ್ತಿರ ಅರ್ಧ. ಮೂರು ಪಿನ್ನಿನ ಫ್ಯಾನ್ ಇದ್ದರೆ ಬಯೋಸ್‌ನಲ್ಲಿ ಡಿಸಿ ಮೋಡ್ ಆರಿಸಿ, ಇಲ್ಲದಿದ್ದರೆ ಅದು ಯಾವಾಗಲೂ ಪೂರ್ತಿ ವೇಗದಲ್ಲೇ ತಿರುಗುತ್ತದೆ.

ಒಂದು ನಿರ್ದಿಷ್ಟ ಸುತ್ತಿನಲ್ಲಿ ಕ್ಯಾಬಿನೆಟ್ ಗುಂಯ್ ಅನ್ನಬಹುದು. ಸುತ್ತನ್ನು ಐವತ್ತೈವತ್ತು ಏರಿಸುತ್ತಾ ಕಿವಿಗೊಟ್ಟು ಆ ಜಾಗ ಹಿಡಿಯಿರಿ, ಕರ್ವ್ ಅಲ್ಲಿ ನಿಲ್ಲದ ಹಾಗೆ ಮಾಡಿ. ಬದಿಯ ತಗಡನ್ನು ಅಂಗೈಯಿಂದ ಒತ್ತಿದಾಗ ಸದ್ದು ನಿಂತರೆ ತಪ್ಪು ಫ್ಯಾನಿನದಲ್ಲ, ತಗಡಿನದು. ಕಾರಿನ ಬಾಗಿಲಿಗೆ ಹಾಕುವ ಡ್ಯಾಂಪಿಂಗ್ ಶೀಟ್‌ನ ಒಂದು ತುಂಡು ಒಳಗಡೆಯಿಂದ ಅಂಟಿಸಿ. ಕಾರ್ ಆಡಿಯೊ ಅಂಗಡಿಯಲ್ಲಿ ಕತ್ತರಿಸಿ ಉಳಿದದ್ದನ್ನು ಕೇಳಿದರೆ ಕೊಡುತ್ತಾರೆ. ಫ್ಯಾನ್‌ಗಳಿಗೆ ಸ್ಕ್ರೂ ಬದಲು ರಬ್ಬರ್ ಪಿನ್, ಕ್ಯಾಬಿನೆಟ್ ಕಾಲಿಗೆ ಹಳೇ ಯೋಗ ಮ್ಯಾಟ್‌ನ ತುಂಡು. ಮೇಜಿನ ಮೇಲಿಂದ ಮೇಜಿನ ಪಕ್ಕಕ್ಕೆ ಇಳಿಸಿದರೇ ಅರ್ಧ ಸದ್ದು ಹೋದಂತೆ ಅನಿಸುತ್ತದೆ. ನೆಲದ ಮೇಲೆ ಇಡುವುದಾದರೆ ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಜಾಲರಿ ಕಟ್ಟಿಕೊಂಡರೆ ಎರಡು ವಾರದ ಶ್ರಮ ನೀರಿಗೆ ಹಾಕಿದ ಹಾಗೆ.

ಎಲ್ಲ ಗಟ್ಟಿಯಾದ ಮೇಲೆ ಸೆಟ್ಟಿಂಗ್‌ಗಳನ್ನು ಬಯೋಸ್‌ನ ಪ್ರೊಫೈಲ್‌ಗೆ ಸೇವ್ ಮಾಡಿ. ಅದೊಂದನ್ನೇ ನಂಬಬೇಡಿ, ಮುಂದಿನ ಬಯೋಸ್ ಅಪ್‌ಡೇಟ್ ಅದನ್ನೂ ಅಳಿಸಬಹುದು. ನಾನು ಆ ಮೊದಲ ದಿನದ ಹಾಳೆಯಲ್ಲೇ ಕೊನೆಯ ಅಂಕಿಗಳನ್ನೂ ಬರೆದು, ಕ್ಯಾಬಿನೆಟ್‌ನ ಬದಿಯ ತಗಡಿನ ಒಳಗೆ ಟೇಪ್ ಹಾಕಿ ಅಂಟಿಸಿದ್ದೇನೆ. ಏಪ್ರಿಲ್ ಬಂದಾಗ ಅದನ್ನು ತೆಗೆದು, ಮಧ್ಯಾಹ್ನದ ಬಿಸಿಲಿನಲ್ಲಿ ಸಿನಿಬೆಂಚ್ ಇನ್ನೊಮ್ಮೆ ಓಡಿಸಿ ಹೊಸ ಸಾಲು ಸೇರಿಸುತ್ತೇನೆ.